ಫಾರಂ ತುಂಬುವ ಕ್ರಮ

ವಾಲ್ಪರೈಸೊದಲ್ಲಿ ಬಾಡಿಗೆ ಇಳಿಯಬೇಕೆಂದರೆ
ಮನುಷ್ಯ ಮೇಲೆ ಹತ್ತಬೇಕು.
ಗುಡ್ಡದ ನೆತ್ತಿಗೆ ಹೋದಷ್ಟೂ ಮನೆ ಅಗ್ಗ,
ನಲ್ಲಿ ಸಣ್ಣ, ನಾಯಿಗಳು ಜಾಸ್ತಿ.
ಡಾಕ್ಟರು ಹೇಳಿದ್ದು: ಮೆಟ್ಟಿಲು ಹತ್ತಬೇಡಿ.
ಎರಡೂ ಒಂದೇ ವಾರದಲ್ಲಿ.

ಸೋಮವಾರ ಬಂದರಿನ ತೂಕದ ಕಟ್ಟೆಯಿಂದ ನನ್ನ ಕುರ್ಚಿ ತೆಗೆದರು.
ಇನ್ನು ಲಾರಿ ತನ್ನನ್ನು ತಾನೇ ತೂಗಿಕೊಳ್ಳುತ್ತದಂತೆ,
ಕ್ಯಾಮೆರಾ ನಂಬರು ಓದುತ್ತದಂತೆ.
ಇಪ್ಪತ್ತಾರು ವರ್ಷ ಕೂತ ಕುರ್ಚಿ,
ಅದರ ಸ್ಪಂಜು ನನ್ನ ಆಕಾರಕ್ಕೆ ತಗ್ಗಿತ್ತು.
ಮನೆಗೆ ಒಯ್ಯಲೇ ಎಂದು ಕೇಳಿದೆ.
ಕಂಪನಿಯ ಆಸ್ತಿ, ಎಂದ ಹುಡುಗ,
ನನ್ನ ಬೂಟು ನೋಡುತ್ತ.

ಎರ್ಮಿಂದಾ ಬಾಣಲೆಗಳನ್ನೆಲ್ಲ
ನನ್ನ ಯೂನಿಫಾರಂ ಅಂಗಿಗಳಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸಿದಳು.
‘ಇಸ್ತ್ರಿ ಉಳಿಯಿತು’ ಎಂದಳು.
ಅವಳ ಜೋಕುಗಳಿಗೆ ನಾನು ನಗುವುದು ಯಾವಾಗಲೂ ಮರುದಿನ.
ಮರುದಿನ ಬುಧವಾರ. ಏನಾಯಿತೋ ನೆನಪಿಲ್ಲ,
ಆಸ್ಪತ್ರೆಯ ಸರತಿ ಚೀಟಿಯೊಂದು ಮಾತ್ರ ಜೇಬಿನಲ್ಲಿದೆ:
ನೂರ ಹದಿನೇಳು.

ಗುರುವಾರ ಬೆಳಿಗ್ಗೆ ಎಂಟಕ್ಕೆ
ನರ್ಸ್ ನನ್ನ ಎದೆಯ ಕೂದಲು ಬೋಳಿಸಿ
ಐದು ತಂತಿ ಅಂಟಿಸಿ, ಸೊಂಟಕ್ಕೊಂದು ಡಬ್ಬಿ ಕಟ್ಟಿ,
ಫಾರಂ ಕೊಟ್ಟಳು.
‘ಇಪ್ಪತ್ನಾಲ್ಕು ಗಂಟೆ. ಸ್ನಾನ ಬೇಡ.
ಎದೆ ಹಾರಿದರೆ ಈ ಗುಂಡಿ ಒತ್ತಿ.
ಎಷ್ಟು ಗಂಟೆಗೆ ಏನು ಮಾಡುತ್ತಿದ್ದಿರಿ, ಬರೆಯಿರಿ.
ಉಳಿದಂತೆ ಎಂದಿನಂತೆ ಇರಿ.’
ಎಂದಿನಂತೆ.
ನಾನು ಬಾಗಿಲಲ್ಲಿ ಸ್ವಲ್ಪ ನಿಂತೆ,
ಎಂದಿನ ದಾರಿ ಯಾವ ಕಡೆಗೆ ಎಂದು.

ಲಾರಿ ರಸ್ತೆ ಮುಗಿಯುವವರೆಗೆ ಬಂತು.
ಅಲ್ಲಿಂದ ನೂರ ಅರವತ್ತಮೂರು ಮೆಟ್ಟಿಲು.
ಫ್ರಿಜ್ಜು: ಐವತ್ತನಾಲ್ಕು ಕಿಲೋ, ರೊಸಮೆಲ್‌ನ ಬೆನ್ನ ಮೇಲೆ.
ಹಾಸಿಗೆ: ಇಪ್ಪತ್ತೆರಡು, ಒದ್ದೆಯಾದರೆ ಮೂವತ್ತು.
ಕಣ್ಣಳತೆಯಲ್ಲೇ ಹೇಳುತ್ತೇನೆ, ಬೇಕಾದರೆ ತೂಗಿ ನೋಡಿ.
ನನ್ನ ಕೈಗೆ ಮಗಳು ಯಾಸ್ನಾ ಕೊಟ್ಟದ್ದು
ಒಂದು ಪಾಪಾಸುಕಳ್ಳಿ, ಕುಂಡ ಸೇರಿ ಮುನ್ನೂರು ಗ್ರಾಂ.
‘ಅಪ್ಪಾ, ನಿಧಾನ.’
ಹತ್ತು ಮೆಟ್ಟಿಲಿಗೊಮ್ಮೆ ಕೂತೆ. ಬರೆದೆ:
ಕೂತಿದ್ದೇನೆ.
ಮತ್ತೆ ಕೂತಿದ್ದೇನೆ.
ರೊಸಮೆಲ್ ಮೂರನೇ ಸಲ ಇಳಿದು ಬರುತ್ತ
ಕಳ್ಳಿಯನ್ನು ನೋಡಿದ, ನನ್ನನ್ನು ನೋಡಿದ,
ಏನೂ ಅನ್ನಲಿಲ್ಲ. ಒಳ್ಳೆಯ ನೆರೆಯವನು.
ಇನ್ನು ನೆರೆಯವನಲ್ಲ.

ಹನ್ನೊಂದು ನಲವತ್ತಕ್ಕೆ ಫೋನು.
ಪರದೆಯ ಮೇಲೆ ಬಂದರಿನ ನಂಬರು.
ಹಲೋ ಎನ್ನುವ ಮೊದಲೇ ನಾನು ಬೂಟು ಹಾಕಿ, ಬಸ್ಸು ಹಿಡಿದು,
ಕುರ್ಚಿಯ ತಗ್ಗಿನಲ್ಲಿ ಕೂತು,
ಮೊದಲ ಲಾರಿಗೆ ಕೈ ಬೀಸಿ ಆಗಿತ್ತು.
‘ನಿಮ್ಮ ಹೆಲ್ಮೆಟ್ಟು ವಾಪಸು ಬಂದಿಲ್ಲ,’ ಎಂದಿತೊಂದು ಹೆಣ್ಣುದನಿ,
‘ಕೊನೆಯ ಸಂಬಳದಲ್ಲಿ ಮುರಿದುಕೊಳ್ಳುತ್ತೇವೆ.’
ಹೆಲ್ಮೆಟ್ಟಿನೊಳಗೆ ಮೊಟ್ಟೆ ತುಂಬಿ ಎರ್ಮಿಂದಾ
ಆಗಲೇ ಮೇಲೆ ತಲುಪಿದ್ದಳು.
ಮುರಿದುಕೊಳ್ಳಿ, ಎಂದೆ.
ಯಾವ ಗಳಿಗೆಯಲ್ಲಿ ಗುಂಡಿ ಒತ್ತಿದೆನೋ ಗೊತ್ತಿಲ್ಲ.

ಶುಕ್ರವಾರ ನರ್ಸ್ ಪಟ್ಟಿ ಕಿತ್ತಳು, ಚರ್ಮ ಸ್ವಲ್ಪ ಜೊತೆಗೆ ಹೋಯಿತು.
‘ಅಷ್ಟು ಮೆಟ್ಟಿಲಿಗೆ ಒಂದೇ ಸಲ ಒತ್ತಿದ್ದೀರಿ.
ಹನ್ನೊಂದು ನಲವತ್ತು. ಏನು ಹೊತ್ತಿದ್ದಿರಿ ಆಗ?’
‘ಪಾಪಾಸುಕಳ್ಳಿ.’
ಅವಳು ಹಾಗೆಯೇ ಬರೆದುಕೊಂಡಳು.
ಫಲಿತಾಂಶ ಹನ್ನೆರಡು ದಿನಕ್ಕೆ.

ಹೊಸ ಮನೆಯಲ್ಲಿ ಬಲ್ಬು ಕೂಡ ಬಿಚ್ಚಿಕೊಂಡು ಹೋಗಿದ್ದಾರೆ.
ಆದರೆ ಕಿಟಕಿಯಿಂದ ಇಡೀ ಬಂದರು ಕಾಣುತ್ತದೆ,
ಕ್ರೇನುಗಳು ಬೆಂಕಿಕಡ್ಡಿಯಷ್ಟು.
ತೂಕದ ಕಟ್ಟೆಯ ಮೇಲೆ ಲಾರಿಯೊಂದು ನಿಂತಿದೆ.
ಇಪ್ಪತ್ತೆಂಟು ಟನ್ನು, ಎನ್ನುತ್ತೇನೆ.
‘ಯಾರಿಗೆ ಹೇಳುತ್ತಿದ್ದೀಯ?’ ಒಳಗಿನಿಂದ ಎರ್ಮಿಂದಾ.
ಉತ್ತರ ಹುಡುಕುವಷ್ಟರಲ್ಲಿ ನಲ್ಲಿ ಕೆಮ್ಮಿತು,
ನೀರು ದಾರದಷ್ಟು ಇಳಿಯಿತು,
ಬಾ ಬೇಗ, ಏನಾದರೂ ಹಿಡಿ, ಎಂದು ಕೂಗಿದಳು.
ಪಾತ್ರೆಗಳೆಲ್ಲ ಇನ್ನೂ ಅಂಗಿ ತೊಟ್ಟುಕೊಂಡಿದ್ದವು.
ಮೊಟ್ಟೆಗಳನ್ನು ಹಾಸಿಗೆಯ ಮೇಲೆ ಸುರಿದು
ಹೆಲ್ಮೆಟ್ಟು ಹಿಡಿದು ಓಡಿದೆ.
ಅಡುಗೆಮನೆಗೆ ಎರಡು ಮೆಟ್ಟಿಲು.
ಎಲ್ಲಿಯೂ ಬರೆಯಲಿಲ್ಲ.