ಕಿಟಕಿ ಒಂದು ಗೇಣು ಕೆಳಗೆ

ಸೋಮವಾರ ಹುಬ್ಬಳ್ಳಿಯ ಡಾಕ್ಟರಿಗೆ ಕೊಡಬೇಕಾದ ಗಾಡಿ.
ಶನಿವಾರ ಸಂಜೆ ಅದರ ಕೀಲಿ ನನ್ನ ಜೇಬಿನಲ್ಲಿತ್ತು.
'ಸೋರುತ್ತದೋ ಏನೋ, ಒಂದು ರಾತ್ರಿ ನೋಡಿ ಬರ್ತೀನಿ' ಎಂದೆ.
'ಮಳೆ ಎಲ್ಲೈತಿ ಉಸ್ತಾದ್?'
ಪೇಂಟರ್ ಜಬೀವುಲ್ಲಾ ಬ್ರಷ್ಷಿನಿಂದ ಆಕಾಶ ತೋರಿಸಿ ನಕ್ಕ.

ದಾವಣಗೆರೆಯಲ್ಲಿ ಮೂವತ್ತೊಂದು ವರ್ಷ
ಲಾರಿಗೆ ಬಾಡಿ ಕಟ್ಟಿದ ಕೈ ಇದು.
ಮೆಕ್ಕೆಜೋಳದ ಅಳತೆ ಗೊತ್ತು, ಅದಿರಿನದು ಗೊತ್ತು,
ಸಂತೆಗೆ ಹೋಗುವ ಎಮ್ಮೆ ಎಷ್ಟು ಜಾಗ ತಿನ್ನುತ್ತದೆ, ಗೊತ್ತು.
ಮಲಗುವ ಮನುಷ್ಯನಿಗೆ ಟೇಪು ಹಿಡಿದದ್ದು
ಇದೇ ಮೊದಲು.
ಆರಡಿ ಮೂರಂಗುಲದ ಹಾಸಿಗೆ, ಮಡಚಿದರೆ ಮೇಜು,
ಮೇಜಿನಡಿ ಗ್ಯಾಸು, ಬೋಗುಣಿಯಷ್ಟು ಸಿಂಕು.

ದ್ರಾಕ್ಷಾಯಣಿ ಕಟಕ ರೊಟ್ಟಿ ಕಟ್ಟಿಕೊಂಡು
ಹಿಂದಿನ ಬಾಗಿಲಿಂದ ಹತ್ತಿ
ಚಪ್ಪಲಿ ಹೊರಗೆ ಬಿಟ್ಟಳು.
ಗಾಡಿ ಹೊರಟು ಎರಡು ಮೈಲಿ ಆದಮೇಲೆ ನೆನಪಾಗಿ
ಚಪ್ಪಲಿಗಾಗಿ ತಿರುಗಿ ಬಂದೆವು.

ಭರಮಸಾಗರ ದಾಟುವಾಗ ಗಾಳಿ ಅಡ್ಡ ಹೊಡೆಯಿತು.
ದುರ್ಗದ ಕೋಟೆ ಎಡಕ್ಕೋ ಬಲಕ್ಕೋ ಸರಿದುಹೋಯಿತು,
ನಾನು ಸ್ಟೇರಿಂಗ್ ಬಿಟ್ಟು ಬೇರೇನೂ ನೋಡಲಿಲ್ಲ.
ಜೋಗಿಮಟ್ಟಿಯ ಬುಡಕ್ಕೆ ಬಂದಾಗ ಬಿಸಿಲು ಕೆಂಪಗಾಗಿತ್ತು.

ಬಯಲು ಮುಗಿದು ಬೆಟ್ಟ ಹುಟ್ಟುವಲ್ಲಿ
ವೆಲ್ಡಿಂಗಿನ ಹಾಗೆ ಒಂದು ಗೆರೆ ಇರುತ್ತದೆಂದುಕೊಂಡಿದ್ದೆ.
ಇಲ್ಲ.
ಜಾಲಿ ತೆಳುವಾಗುತ್ತ, ಕಲ್ಲು ದಪ್ಪವಾಗುತ್ತ,
ತುಗ್ಗಲಿ, ಬಂದರಿಕೆ, ಕಮರ ಒಂದೊಂದೇ ಮೇಲೆದ್ದು,
ಯಾವನೋ ಒಳ್ಳೆಯ ಕೆಲಸಗಾರ
ತಿಕ್ಕಿ ತಿಕ್ಕಿ ಜೋಡಣೆಯನ್ನೇ ಅಳಿಸಿದ್ದಾನೆ.
ಎಷ್ಟು ಹೊತ್ತು ಹುಡುಕಿದೆನೋ. ಸಿಗಲಿಲ್ಲ.

ಟಾರ್ಚು ಹಿಡಿದು ಬಂದವನು ಸಣ್ಣಪಾಲಯ್ಯ,
ಗಾಳಿಯಂತ್ರದ ಕಾವಲುಗಾರ.
ಅಲ್ಲೇ ದಿಬ್ಬದ ಮೇಲೆ ಅವನ ಕ್ಯಾಬಿನ್ನು,
ನಮ್ಮದರಷ್ಟೇ ಅಗಲ, ಅದೂ ತಗಡೇ,
ಗಾಲಿ ಮಾತ್ರ ಇಲ್ಲ.
ಬೆರಳ ಗೆಣ್ಣಿನಿಂದ ನಮ್ಮ ಗೋಡೆ ತಟ್ಟಿ ಕೇಳಿದ:
'ಇದು ಗಾಡೀನೋ, ಮನೀನೋ?'
'ಇನ್ನೂ ತೀರ್ಮಾನ ಆಗಿಲ್ಲ' ಎಂದೆ.
'ಸೀತಾಫಲದ ಕಾಲ. ಕರಡಿ ಇಳೀತಾವು.
ಅಷ್ಟು ತೀರ್ಮಾನ ಆಗೋತನಕ
ಬಾಗ್ಲು ತೆಗೀಬ್ಯಾಡ್ರಿ.'
ರೊಟ್ಟಿ ಕೊಟ್ಟಳು. ನಿಂತೇ ತಿಂದು ಹೋದ.

ರಾತ್ರಿ ಗಾಳಿ ಬಂತು.
ಬಂತು ಅಂದರೆ, ಬೆಟ್ಟವೇ ಉಸಿರು ಬಿಟ್ಟ ಹಾಗೆ.
ದೂರದ ರೆಕ್ಕೆಗಳ ನೆತ್ತಿಯಲ್ಲಿ ಕೆಂಪು ದೀಪ
ಒಟ್ಟಿಗೆ ಆರುತ್ತಿತ್ತು, ಒಟ್ಟಿಗೆ ಹೊತ್ತುತ್ತಿತ್ತು.
ಎಲ್ಲೋ ಒಂದು ರಿವೆಟ್ ಕಟಕಟ ಎನ್ನುತ್ತಿತ್ತು.
ಸ್ಪ್ಯಾನರ್ ಹುಡುಕಿ ಎದ್ದವನ ಕೈ ಹಿಡಿದು
'ಇರ್ಲಿ ಬಿಡ್ರಿ. ಡಾಕ್ಟರಿಗೂ ಏನಾರ ಕೇಳಿಸ್ಬೇಕಲ್ಲ' ಎಂದಳು.

ಆಮೇಲೆ, ನಿದ್ದೆ ಬಂತೆಂದುಕೊಂಡಾಗ:
'ಈ ಕಿಟಕಿ ಯಾರಿಗಿಟ್ರಿ?'
'ಯಾಕೆ?'
'ಮಲಗಿದ್ರೆ ಬರೀ ಪ್ಲೈವುಡ್ಡು ಕಾಣ್ತೈತಿ.
ಎದ್ದು ನಿಂತ್ರೆ ಬೆಟ್ಟ.
ಇಷ್ಟು ದೂರ ಬಂದೋರು
ನಿಂತ್ಕೊಂಡು ನಿದ್ದಿ ಮಾಡ್ಬೇಕೇನು?'

ನನಗೆ ಉತ್ತರ ಹೊಳೆಯಲಿಲ್ಲ.
ಮೂವತ್ತೊಂದು ವರ್ಷದಲ್ಲಿ
ಅದಿರು ಒಮ್ಮೆಯೂ ಹೊರಗೆ ನೋಡಲು ಕೇಳಿರಲಿಲ್ಲ.

ನಸುಕಿಗೆ ಮುಂಚೆ ಏನೋ ಬಂದು
ಗೋಡೆಯ ಹೊರಗೆ ಮೂಗೆಳೆಯಿತು.
ತಗಡಿನ ಉದ್ದಕ್ಕೂ ಸರ್ರನೆ ಸದ್ದು.
ನಾವಿಬ್ಬರೂ ಹಾಸಿಗೆಯ ಮೇಲೆ ನಿಂತು
ಗಾಜಿಗೆ ಕೆನ್ನೆ ಒತ್ತಿ ಬಗ್ಗಿ ನೋಡಿದೆವು:
ಮದುವೆಯಾದ ಮೇಲೆ ಇಷ್ಟು ಹತ್ತಿರ
ಇಷ್ಟು ಹೊತ್ತು ಉಸಿರು ಹಿಡಿದದ್ದು ನೆನಪಿಲ್ಲ.
ಕತ್ತಲು, ಕಲ್ಲು, ಕತ್ತಲಿನಂಥ ಕಲ್ಲು.
ಅದರಲ್ಲಿ ಯಾವುದು ನಡೆಯಿತೋ.

ಬೆಳಗ್ಗೆ ಹೊಸ ಬಣ್ಣದ ಮೇಲೆ ಮೂರು ಗೆರೆ.
'ಕರಡಿ' ಎಂದಳು. 'ಜಾಲಿ ಮುಳ್ಳು' ಎಂದೆ.
ಸಣ್ಣಪಾಲಯ್ಯ ಬಂದು ನೋಡಿ, ಕುಕ್ಕರುಗಾಲಲ್ಲಿ ಕೂತು ನೋಡಿ,
ಎರಡರಲ್ಲಿ ಒಂದು ಎಂದ.

'ಸೋರಿತಾ ಉಸ್ತಾದ್?'
'ಇಲ್ಲ' ಎಂದೆ, 'ಅದೇ ತೊಂದರೆ',
ಕಟರ್ ಪ್ಲಗ್ಗಿಗೆ ಹಾಕುತ್ತ.

ಗಾಡಿ ಹೋದದ್ದು ಗುರುವಾರ. ಫೋನಿನಲ್ಲಿ
ಡಾಕ್ಟರು ಬೈದದ್ದು ಬೈದರು.
ಕಿಟಕಿ ಒಂದು ಗೇಣು ಕೆಳಗಿಳಿದಿದೆ.
ಕೊಯ್ದ ತಗಡಿನ ತುಂಡು ಈಗ
ನಮ್ಮನೆಯ ನೀರಿನ ಡ್ರಮ್ಮಿಗೆ ಮುಚ್ಚಳ.
ಚೆಂಬು ಹಾಕುವಾಗಲೆಲ್ಲ ಅವಳು
ಆ ಮೂರು ಗೆರೆಯ ಮೇಲೆ ಬೆರಳಾಡಿಸಿ
ನನ್ನ ಕಡೆ ನೋಡುತ್ತಾಳೆ.

ಮುಳ್ಳು ಎನ್ನುತ್ತೇನೆ. ಆದರೂ.