ಭೋಗವಟಾದಾರ

ಬಿಲ್ಲಿನ ಮೇಲೆ ಎರಡು ಹೆಸರು.
ಮಾಲೀಕ: ದತ್ತಾಜಿ ಸಖಾರಾಮ ಧಮಢೇರೆ,
ತೀರಿಕೊಂಡು ಹದಿನಾಲ್ಕು ವರ್ಷ.
ಭೋಗವಟಾದಾರ: ನಾನು.

ಮರಾಠಿಯಲ್ಲಿ ಅದಕ್ಕೆ ಅರ್ಥ ಇಷ್ಟೇ, ಇರುವವರು.
ನನ್ನ ಕನ್ನಡ ಕಿವಿ ಮಾತ್ರ
ಭೋಗ ಅನ್ನುವಲ್ಲೇ ನಿಂತುಬಿಟ್ಟಿತು.
ಏನು ಭೋಗಿಸಿದೆ ನಾನು
ಗಂಜ್ ಪೇಠೆಯ ಈ ಒಂದೂವರೆ ಖೋಲಿಯಲ್ಲಿ?
ಐದೂವರೆಯಿಂದ ಆರೂ ಹತ್ತರ ತನಕ ನಳ.
ಮೇಲಿನವರು ಕುಟ್ಟಿದ ಶೇಂಗಾಚಟ್ನಿಯ ಸದ್ದು.
ಚೈತ್ರದಲ್ಲಿ ಹತ್ತು ದಿನ
ಕಿಟಕಿಯಿಂದ ಇಳಿದು ಮಷೀನಿನ ಗಾಲಿ ಮುಟ್ಟಿ ಹೋಗುವ
ಒಂದು ಅಂಗೈ ಬಿಸಿಲು.
ಅದಕ್ಕೂ ದರ ಇದೆಯೇನೋ,
ಚದರಡಿಗೆ ಇಷ್ಟು ಅಂತ.

ಒಂದು ಲಕ್ಷ ಎಂಬತ್ನಾಲ್ಕು ಸಾವಿರದ ಮುನ್ನೂರ ಹನ್ನೆರಡು.

ಫಾಲು ಹಚ್ಚಿ ಪೀಕೋ ಮಾಡಿದರೆ ಸೀರೆಗೆ ಅರವತ್ತು.
ಗುರುತು ಹಾಕುವ ಚಾಕಿನಲ್ಲೇ ಮೇಜಿನ ಮೇಲೆ ಭಾಗಿಸಿದೆ:
ಮೂರು ಸಾವಿರದ ಎಪ್ಪತ್ತೆರಡು ಸೀರೆ.
ಒಂದರ ತುದಿಗೊಂದು ಹಾಸಿದರೆ
ಸ್ವಾರ್‌ಗೇಟಿನಿಂದ ಹೊರಟು
ಖಡಕವಾಸಲಾದ ನೀರಲ್ಲಿ ಸೆರಗು ಅದ್ದಬಹುದು.

ತಪ್ಪು ನನ್ನದೇ ಅನ್ನುತ್ತಾನೆ ಮುದುಕನ ಕಿರಿಮಗ.
ವಿಲಾಸ ಅವನ ಹೆಸರು.
(ಭೋಗ ನನ್ನ ಪಾಲಿಗೆ ಬಂತು, ವಿಲಾಸ ಅವರ ಮನೆಯಲ್ಲೇ ಉಳಿಯಿತು.)
ಮಾರ್ಚಿನಲ್ಲಿ ಪಾಲಿಕೆಯ ಹುಡುಗ ಬಂದಿದ್ದ,
ಹೆಗಲಿಗೆ ಚೀಲ, ಕೈಯಲ್ಲಿ ಫಾರಂ, ಬಿಸಿಲಿಗೆ ಬೆಂದ ಮೋರೆ.
ಕೋಕಂ ಹಾಕಿ ನೀರು ಕೊಟ್ಟೆ.
ಇಲ್ಲಿ ಯಾರಿರೋದು, ಅಂದ.
ನಾವೇ. ಬಾಡಿಗೆಗೆ. ಹನ್ನೊಂದು ವರ್ಷ.

ಮಾಲೀಕನೇ ಇರುವ ಮನೆಗೆ ನಲವತ್ತು ಪರ್ಸೆಂಟ್ ಸವಲತ್ತಂತೆ.
ಬಾಡಿಗೆ ಅನ್ನುವ ಮೂರಕ್ಷರಕ್ಕೆ ಅದು ಹೋಯಿತು,
ಹಿಂದಿನ ವರ್ಷಗಳಿಂದ, ಬಡ್ಡಿ ಸಮೇತ.

ವಿಲಾಸ ಮೊದಲೇ ಹೇಳಿಕೊಟ್ಟಿದ್ದನಂತೆ:
ಕೇಳಿದರೆ ನಮ್ಮ ಅತ್ತೆಯ ಕಡೆಯವರು ಅನ್ನು.
ಧಮಢೇರೆಯವರ ಯಾವ ಅತ್ತೆ
ಸೂಜಿ ಚುಚ್ಚಿದರೆ ಯವ್ವಾ ಅಂತಾಳೆ?

ಬಾಯಿ ಬಿಟ್ಟವಳು ನೀನು, ಕಟ್ಟುವವಳೂ ನೀನೇ, ಅಂದ.

ವಾರ್ಡ್ ಆಫೀಸಿನ ನಾಲ್ಕನೇ ಕಿಟಕಿ:
ಮೊದಲು ಕಟ್ಟಿ, ಆಮೇಲೆ ತಕರಾರು.
ಮನೆ ನನ್ನದಲ್ಲ.
ಮತ್ತೆ ನಿಮಗ್ಯಾಕೆ ಚಿಂತೆ?
ನಳ ಕಿತ್ತರೆ ನೀರು ಯಾರಿಗೆ ಬರೋದಿಲ್ಲ ಸಾಹೇಬರ?
ಆತ ಮೇಲೆ ನೋಡಿದ,
ಫ್ಯಾನು ತಿರುಗುತ್ತಿದೆಯೇ ಅಂತ ನೋಡುವವನ ಹಾಗೆ.

ಸೋಮವಾರ ಹನ್ನೊಂದಕ್ಕೆ ಬ್ಯಾಂಡು ಬಂತು.
ಬಾಕಿದಾರರ ಬಾಗಿಲಲ್ಲಿ ಬಾರಿಸಿ ನಾಚಿಸುವ ಬ್ಯಾಂಡು.
ಎರಡು ತಾಶೆ, ಒಂದು ಢೋಲು, ಒಂದು ಕ್ಲಾರಿನೆಟ್.
ವಾಡೆಯ ಮಕ್ಕಳು ಮದುವೆ ಅಂದುಕೊಂಡು ಕುಣಿದವು.
ವರ ಎಲ್ಲಿ, ಅಂತ ಕೇಳಿದಳು ತಾನುಬಾಯಿ, ಬೇಕಂತಲೇ.
ನಾನು ಯಾರದೋ ಅರಿಸಿನ ಸೀರೆಯೊಳಗೆ ತಲೆ ತಗ್ಗಿಸಿದೆ.

ಊದಿ ಸೋತ ಕ್ಲಾರಿನೆಟ್ಟಿನವ ಹೊಸ್ತಿಲಲ್ಲಿ ಕೂತ.
ಕೆಂಪು ಕೋಟಿನ ತೋಳಿನಿಂದ ಜರಿಪಟ್ಟಿ ಅರ್ಧ ಕಿತ್ತು ಜೋತಿತ್ತು.
ಕೈ ಚಾಚಿದೆ. ಸಿಟ್ಟಿತ್ತು, ಆದರೂ ಚಾಚಿದೆ,
ಜೋತದ್ದನ್ನು ಕಂಡರೆ ಬಿಡದ ಕೈ ಇದು.
ಸೂಜಿ ತಾಕಿತು.
ಯವ್ವಾ, ಅಂದ.

ಯಾವೂರು?
ಹೊರ್ತಿರೀ, ಇಂಡಿ ತಾಲೂಕ. ನಿಮ್ಮದು?
ಚಡಚಣ.
ಇಬ್ಬರೂ ನಗಲಿಲ್ಲ.

ಲಗ್ನದ ಸೀಜನ್ ಮುಗೀತಲ್ರೀ, ಅದಕ್ಕ ಬಂದ್ವಿ, ಅಂದ.
ಹ್ವಾದ ವಾರ ನಮ್ಮ ಮನಿ ಮಾಲಕನ ಮುಂದೂ ಬಾರಿಸಿದ್ವಿ.
ಹಿಂಗ ಮದುವಿ ಹಾಡಾ?
ಮತ್ತೇನು ಬಾರಸೂದ್ರೀ?
ಮರ್ಯಾದಿ ತಗ್ಯೂದಕ್ಕ ಬ್ಯಾರೆ ಹಾಡು
ನಮಗ ಯಾರೂ ಕಲಸಿಲ್ಲ.

ಹತ್ತು ರೂಪಾಯಿ ಕೊಟ್ಟ.
ಬೇಡ ಅನ್ನಲಿಲ್ಲ ನಾನು.

ಮುಂದಿನ ವಾಡೆಗೆ ಹೋದರು.
ಗೋಡೆಯಾಚೆ ತಾಶೆ ಮತ್ತೆ ಸುರುವಾಯಿತು.
ಫಾಲು ಇನ್ನೂ ಎರಡು ಮೊಳ ಉಳಿದಿತ್ತು, ಹೊಲಿಯತೊಡಗಿದೆ.
ನೋಡಿದರೆ ಪೆಡಲಿನ ಮೇಲೆ ನನ್ನ ಕಾಲು
ಅದೇ ತಾಳಕ್ಕೆ ಬೀಳುತ್ತಿದೆ.
ಕಾಲಿಗೆ ಯಾರು ಹೇಳಬೇಕು
ಇದು ಯಾರ ಬಾಕಿ ಅಂತ.