ಕಾಣಲಿಲ್ಲ

ಬ್ರೆಡ್ಡಿನ ಕವರಿನಲ್ಲಿ ತಂದಳು ಆರ್ಲಿಸ್, ಇನ್ನೂ ಬೆಚ್ಚಗಿತ್ತು.
ಮೌಂಟ್ ಹೋರೆಬ್‌ನಲ್ಲಿ ನವೆಂಬರಿಗೆ ನಾಲ್ಕೂವರೆಗೇ ಕತ್ತಲು.
ಕಿತ್ತಳೆ ಜಾಕೆಟ್ಟಿನ ತೋಳಿಗೆ ರಕ್ತ, ಒಂದು ಒಣ ಎಲೆ.
"ಎರಡು ವರ್ಷದ ಗಂಡು ಜಿಂಕೆ. ಈಲಿ ನಿನಗೆ, ಗುಂಡಿಗೆ ನನಗೆ.
ಇವತ್ತೇ ಹುರಿ. ಈಲಿ ನಾಳೆಗೆ ಕಾಯಲ್ಲ."

ಇದನ್ನೇ ನಮ್ಮ ದೊಡ್ಡಮ್ಮ ಕೊಳ್ಳೇಗಾಲದಲ್ಲಿ ಹೇಳುತ್ತಿದ್ದಳು.
ಕೆಂಡದ ಮೇಲೆ ಉಪ್ಪು ಸವರಿದ ತುಂಡು
ಇರುಳುಗಣ್ಣಿನ ತಮ್ಮನ ಬಾಯಿಗೆ ಮೊದಲು,
ಉಳಿದರೆ ನಮಗೆ.
ಉಳಿಯುತ್ತಿರಲಿಲ್ಲ.

ನನ್ನ ಕೆಲಸ ಆರ್ಲಿಸ್‌ಗೆ ಗೊತ್ತು.
ಊರಾಚೆಯ ಪೆಟ್ಟಿಗೆಯಲ್ಲಿ ಬೇಟೆಗಾರರು ಬಿಟ್ಟುಹೋದ ತಲೆಗಳು,
ಗಂಟಲ ಹಿಂದಿನ ಗಂಟಿನ ಚೂರು
ಮ್ಯಾಡಿಸನ್ನಿನ ನಮ್ಮ ಲ್ಯಾಬಿಗೆ ಬರುತ್ತದೆ.
ಹೆಸರು ನೋಡಬಾರದು, ನಂಬರು ನೋಡಬೇಕು.

ಹುಡುಕುವುದು ಹುಳುವನ್ನಲ್ಲ. ಹುಳುವಾದರೆ ಬೆಂಕಿಗೆ ಹೆದರುತ್ತಿತ್ತು.
ಇದು ಬರೀ ಒಂದು ತಪ್ಪು ಮಡಿಕೆ:
ಸೀರೆಯ ಮೊದಲ ನೆರಿಗೆ ಸೊಟ್ಟಗಾದರೆ
ಆಮೇಲಿನವೆಲ್ಲ ಅದನ್ನೇ ನೋಡಿ ಸೊಟ್ಟಗಾಗುವ ಹಾಗೆ.
ಕುದಿಸಿದರೂ ಬಿಚ್ಚದು.
ಜಿಂಕೆ ಒಣಗುತ್ತದೆ, ಜೊಲ್ಲು ಸುರಿಸುತ್ತದೆ,
ಮನುಷ್ಯರಿಗೆ ಹೆದರುವುದನ್ನು ಮರೆಯುತ್ತದೆ.
ಮನುಷ್ಯರಿಗೆ ತಗುಲಿದ್ದು ಇದುವರೆಗೆ ಯಾರೂ ಕಂಡಿಲ್ಲ.
ಈ "ಕಂಡಿಲ್ಲ"ದಿಂದಲೇ ನನಗೆ ಸಂಬಳ.

"ರಿಪೋರ್ಟು ಬರಲಿ ಆರ್ಲಿಸ್, ಹತ್ತು ದಿನ."
"ನನಗೆ ಎಂಬತ್ತೊಂದು," ಅಂದಳು.
"ಅದು ಮೈಗೆ ಹತ್ತೋದಕ್ಕೇ ಹತ್ತು ವರ್ಷ ಬೇಕಂತೆ.
ಬರಲಿ, ಕೂರಿಸಿ ಕಾಫಿ ಕೊಡ್ತೀನಿ."
ಆ ರಾತ್ರಿ ಬೇಲಿ ದಾಟಿ ಬಂತು
ಬೆಣ್ಣೆ, ಈರುಳ್ಳಿ, ಗುಂಡಿಗೆಯ ವಾಸನೆ.
ನಾನು ಚಿತ್ರಾನ್ನ ತಿಂದೆ.
ಈಲಿಗೆ ಟೇಪು ಸುತ್ತಿ, ತಾರೀಕು ಬರೆದು
ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಕೆಳಗಿಟ್ಟೆ,
ಕದ್ದ ಮಾಲಿನ ಹಾಗೆ.

ಹನ್ನೊಂದನೇ ದಿನ ಅವಳ ಫೋನಿಗೆ ಬಂತು.
ಕನ್ನಡಕ ಸಿಗದೆ ನನ್ನಿಂದ ಓದಿಸಿದಳು.
"ಇಲ್ಲ" ಎಂದಿರಲಿಲ್ಲ. "ಕಾಣಲಿಲ್ಲ" ಎಂದಿತ್ತು.
"ಎರಡೂ ಒಂದೇ ತಾನೆ?"
ಹೌದು ಅಂದೆ,
ಆ ಪದವನ್ನೇ ಯಾಕೆ ಆರಿಸುತ್ತೇವೆಂದು ಗೊತ್ತಿದ್ದೂ.

ಈಗ ಕರಗಿದೆ. ಹಲಗೆಯ ಮೇಲೆ ಕಪ್ಪುಗೆಂಪು, ಒದ್ದೆ ಕಲ್ಲಿನ ಹೊಳಪು.
ತೆಳ್ಳಗೆ ಕೊಯ್ದು ಒಂದೊಂದನ್ನೂ ಬಲ್ಬಿಗೆ ಹಿಡಿಯುತ್ತೇನೆ.
ಬಿಳಿ ಚುಕ್ಕೆ, ಎಲೆಯಂಥ ಹುಳು, ಗುಂಡಿನ ಸೀಸದ ಚೂರು
ಯಾವುದೂ ಇಲ್ಲ.
ಅಲ್ಲ, ಯಾವುದೂ ಕಾಣಲಿಲ್ಲ.

ಮೆಣಸು ಕುಟ್ಟಿದ್ದಾಗಿದೆ. ಬಾಣಲೆ ಕಾದಿದೆ.
ಹೊರಗೆ ನಾಲ್ಕೂವರೆಯ ಕತ್ತಲು.
ತಮ್ಮ ಇದ್ದಿದ್ದರೆ ತಟ್ಟೆ ತಡಕುತ್ತ ಕೇಳುತ್ತಿದ್ದ,
ಅಕ್ಕಾ, ಬೆಂತಾ?